ಬ್ರೇಕಿಗೆ ಹೋಗದ ಕಾಲು

ಏಣಿ ಹೊತ್ತಿದ್ದ ಬಣ್ಣದವನು ಆವತ್ತು ಉಳಿದದ್ದು ಕಂಡಕ್ಟರಮ್ಮನ ಬಲಗೈಯಿಂದ. ಕಾರು ಓಡಿಸುತ್ತಿದ್ದ ಅವಳ ಅಳಿಯನ ಕಾಲಿಗೆ ಅದರಲ್ಲಿ ಎಳ್ಳಷ್ಟೂ ಪಾಲಿರಲಿಲ್ಲ. ಇದನ್ನು ಅವಳು ಮನೆಯಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಡೆದದ್ದು ಇಷ್ಟು. ಬೆಳಗ್ಗೆ ಮೊಮ್ಮಗಳು ಗುಬ್ಬಿಯನ್ನು ಶಾಲೆಗೆ ಬಿಡಲು ಅಳಿಯ ಹಳೇ ಕಾರು ತೆಗೆದಿದ್ದ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿದ್ದ ಕಂಡಕ್ಟರಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿಂದೆ ಗುಬ್ಬಿ ಅಪ್ಪನ ಫೋನು ಹಿಡಿದು ಆಟದಲ್ಲಿ ಮುಳುಗಿದ್ದಳು. ಔಷಧಿ ಅಂಗಡಿಯ ಎದುರು ಎರಡು ವ್ಯಾನುಗಳು ನಿಂತಿದ್ದವು. ಆ ಸಂದಿಯಿಂದ ಮೊದಲು ಏಣಿಯ ತುದಿ ಕಾಣಿಸಿತು, ಆಮೇಲೆ ಏಣಿ ಹೊತ್ತವನು ರಸ್ತೆಗಿಳಿದ. ಎಂಜಿನ್ನಿನ ಸದ್ದು ಇಳಿಯಿತು. ಅಂದರೆ ಅಳಿಯ ನೋಡಿದ್ದಾನೆ, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಾನೆ. ಇನ್ನು ಬ್ರೇಕು ಬೀಳಬೇಕು ಎಂದು ಕಂಡಕ್ಟರಮ್ಮ ಅಭ್ಯಾಸಬಲದಿಂದ ಕಾಲೂರಿ ಕೂತಳು. ಬೀಳಲಿಲ್ಲ. ಕಾರು ತನ್ನ ಪಾಡಿಗೆ ಉರುಳುತ್ತ ಹೋಯಿತು. ಅವಳು ಅಳಿಯನ ಮುಖ ನೋಡಿದಳು. ಅವನು ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದ, ಸಿಗ್ನಲ್ ಬಿಡುವುದನ್ನು ಕಾಯುವವನ ಹಾಗೆ. ಅವಳು ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕನ್ನು ಬುಡಸಮೇತ ಕೀಳುವಂತೆ ಎಳೆದಳು. ಕಾರು ಕಿರುಚಿ ಅಡ್ಡಕ್ಕೆ ತಿರುಗಿ ನಿಂತಿತು. ಏಣಿಯ ತುದಿ ಬಾನೆಟ್ಟಿನ ಮೇಲೆ ಉದ್ದಕ್ಕೆ ಗೀರೆಳೆಯಿತು.

ಬಣ್ಣದವನು ಮೊದಲು ಬಾಯಿಗೆ ಬಂದದ್ದನ್ನೆಲ್ಲ ಬೈದ. ಆಮೇಲೆ ಉಸಿರು ತಿರುಗಿಸಿಕೊಂಡು ಕಿಟಕಿಯ ಹತ್ತಿರ ಬಂದು ಕಂಡಕ್ಟರಮ್ಮನಿಗೆ ಒಂದೇ ಮಾತು ಹೇಳಿದ.

"ಅಮ್ಮಾ, ಇವನು ನನ್ನನ್ನ ನೋಡದೆ ಬಂದಿದ್ರೆ ಸುಮ್ಮನಾಗ್ತಿದ್ದೆ. ನನ್ನ ಮುಖ ನೋಡ್ತಾನೇ ಬಂದ."

ಅಳಿಯ ಕೆಳಗಿಳಿದು ಕ್ಷಮೆ ಕೇಳಿದ. ಬ್ರೇಕು ಹಿಡೀಲಿಲ್ಲ, ಕೈಕೊಟ್ಟುಬಿಟ್ಟಿತು ಎಂದ. ಹೇಳುವಾಗ ಅವನ ತುಟಿ ಬಿಳಚಿಕೊಂಡಿತ್ತು. ಕಂಡಕ್ಟರಮ್ಮ ನಂಬಲಿಲ್ಲ. ಟಿಕೆಟ್ ಬ್ಯಾಗು ನೇತುಹಾಕಿಕೊಂಡು ತಲೆಗೂದಲು ಹಣ್ಣಾಗುವವರೆಗೂ ಅವಳು ಬಸ್ಸಿನಲ್ಲಿ ಡ್ರೈವರುಗಳ ಬೆನ್ನ ಹಿಂದೆ ನಿಂತವಳು. ಬ್ರೇಕು ಕೈಕೊಟ್ಟ ಡ್ರೈವರು ಹೇಗಿರುತ್ತಾನೆಂದು ಅವಳಿಗೆ ಗೊತ್ತು. ಅವನು ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಾನೆ, ಗೇರು ಇಳಿಸುತ್ತಾನೆ, ಹಾರ್ನು ಒತ್ತುತ್ತಾನೆ, ದೇವರನ್ನೋ ಮೆಕ್ಯಾನಿಕ್ಕಿನ ತಾಯಿಯನ್ನೋ ನೆನೆಯುತ್ತಾನೆ. ಇವನು ಒಂದನ್ನೂ ಮಾಡಿರಲಿಲ್ಲ.

ಸಂಶಯದ ಹುಳ ಅಲ್ಲಿಂದ ಶುರುವಾಯಿತು.

ಮೊದಲ ಗುಮಾನಿ ಕುಡಿತದ ಮೇಲೆ. ಡಿಪೋದಲ್ಲಿ ಅಂಥ ಡ್ರೈವರುಗಳನ್ನು ಎದುರು ನಿಲ್ಲಿಸಿ 'ಹಾ' ಅನ್ನಿಸುತ್ತಿದ್ದರು. ಅಳಿಯನಿಗೆ ಹಾಗೆ ಹೇಳುವಂತಿಲ್ಲವಲ್ಲ, ಅದಕ್ಕೆ ಅವಳು ಗುಬ್ಬಿಗೆಂದು ಒಂದು ಬಲೂನು ತಂದು, ನನಗೆ ದಮ್ಮಿಲ್ಲ, ನೀವು ಸ್ವಲ್ಪ ಊದಿಕೊಡಿ ಎಂದಳು. ಊದಿಕೊಟ್ಟದ್ದನ್ನು ಅಡುಗೆಮನೆಗೆ ಒಯ್ದು, ಬಾಗಿಲು ಹಾಕಿ, ಗಂಟು ಬಿಚ್ಚಿ ಮೂಗಿನ ಕೆಳಗೆ ಹಿಡಿದಳು. ರಬ್ಬರು ಮತ್ತು ಈರುಳ್ಳಿಯ ವಾಸನೆ ಬಂತು, ಬೇರೇನಿಲ್ಲ. ಬಲೂನು ಎಲ್ಲಿ ಎಂದು ಗುಬ್ಬಿ ರಂಪ ಮಾಡಿದಳು.

ಎರಡನೆಯದು ಕಣ್ಣಿನ ಮೇಲೆ. ಮಾತ್ರೆಯ ಹಾಳೆ ತಂದು, ಅಕ್ಷರ ಸಣ್ಣದು, ಏನು ಬರೆದಿದೆ ಓದಿ ಎಂದಳು. ಅವನು ತಡವರಿಸದೆ ಓದಿ, ಇದರ ಅವಧಿ ಮುಗಿದು ಬಹಳ ಕಾಲವಾಗಿದೆ ಅತ್ತೆ, ನುಂಗಬೇಡಿ ಎಂದ. ಕಣ್ಣೂ ಸರಿ. ಫೋನು ಮಗುವಿನ ಕೈಯಲ್ಲಿತ್ತು. ನಿದ್ದೆಯೋ ಎಂದರೆ ಮಲಗಿದವನ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುವುದಿಲ್ಲ.

ಉಳಿದದ್ದು ಒಂದೇ: ಬೇಕೆಂದೇ ಮಾಡಿದ್ದಾನೆ. ಯಾಕೆ? ಬಣ್ಣದವನ ಮೇಲೆ ಅವನಿಗೇನು ಹಗೆ? ಯೋಚಿಸಿ ಯೋಚಿಸಿ ತಲೆಕೆಟ್ಟ ಒಂದು ಮಧ್ಯಾಹ್ನ ಅವಳಿಗೆ, ಮುಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತಿದ್ದವಳು ತಾನೇ ಎಂಬುದು ನೆನಪಾಯಿತು. ತಾನು ಈ ಮನೆಗೆ ಬಂದು ಬೇರೂರಿದ್ದು ಅಳಿಯನಿಗೆ ಹೇಳಿಕೊಳ್ಳುವಂಥ ಸಂತೋಷದ ಸಂಗತಿಯೇನೂ ಅಲ್ಲ. ಆದರೆ ಹಿಂದೆ ಅವನ ಮಗಳೇ ಕೂತಿದ್ದಳಲ್ಲ ಎಂದು ಹೊಳೆದು, ಆ ಯೋಚನೆಯನ್ನು ಅರೆಮನಸ್ಸಿನಿಂದ ಬಿಟ್ಟಳು.

ಕಾರು ಒಂದು ದಿನ ಗ್ಯಾರೇಜಿನಲ್ಲಿದ್ದು ವಾಪಸು ಬಂತು. ಬ್ರೇಕು ರಿಪೇರಿ ಆಯಿತು ಎಂದ ಅಳಿಯ. ಮಾರನೇ ದಿನ ತರಕಾರಿ ಚೀಲ ಹಿಡಿದುಕೊಂಡೇ ಕಂಡಕ್ಟರಮ್ಮ ಗ್ಯಾರೇಜಿಗೆ ಹೋದಳು. ಮೆಕ್ಯಾನಿಕ್ಕು ಯಾವುದೋ ಗಾಡಿಯ ಕೆಳಗೆ ಅಂಗಾತ ಮಲಗಿದ್ದ, ಮಾತಾಡಿದ್ದು ಅವನ ಚಪ್ಪಲಿಗಳು ಎನ್ನಬೇಕು. ನಿಮ್ಮ ಗಾಡಿಯ ಬ್ರೇಕಿಗೆ ಏನೂ ಆಗಿರಲಿಲ್ಲಮ್ಮ, ನಾನು ಒಂದು ನಟ್ಟೂ ಮುಟ್ಟಿಲ್ಲ, ಸಂಜೆವರೆಗೂ ಇಲ್ಲೇ ನಿಲ್ಲಿಸಿಕೊಂಡಿರು ಅಂದ್ರು, ನಿಲ್ಲಿಸಿಕೊಂಡಿದ್ದೆ ಎಂದ.

ಆ ಸಂಜೆ ಅವಳು ಮಗಳನ್ನು ಒಗೆಯುವ ಕಲ್ಲಿನ ಹತ್ತಿರ ಕರೆದು ಎಲ್ಲ ಹೇಳಿದಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿ, ಮನೆಯಲ್ಲಿ ಉಳಿದವರು ಏಳುವ ಮುಂಚೆಯೇ ಹೊರಟುಬಿಡುವವಳು. ಮಗುವನ್ನು ಶಾಲೆಗೆ ಬಿಡುವುದಕ್ಕೆ ಅವಳಿಗೆ ಗಂಡ ಬಿಟ್ಟರೆ ಗತಿಯಿಲ್ಲ. ಕಾಲಿನ ಮೇಲೆ ನಿಂತೇ ದಿನ ಕಳೆದು ಬಂದಿದ್ದ ಅವಳು ಅಮ್ಮನ ಮಾತನ್ನು ಅರ್ಧಕ್ಕೆ ತುಂಡರಿಸಿದಳು.

"ಅಮ್ಮಾ, ನಿನಗೆ ಲೋಕದಲ್ಲಿ ಇರೋರೆಲ್ಲ ಟಿಕೆಟ್ ತಗೊಳ್ಳದೆ ಹತ್ತಿದೋರೇ."

"ಮೆಕ್ಯಾನಿಕ್ಕು ಹೇಳಿದ್ದು ಸುಳ್ಳಾ?"

"ಮಹಡಿಯೋರು ಹಾಲು ಕದೀತಾರೆ ಅಂತ ಬೀದಿಗೆಲ್ಲ ಸಾರಿದ್ದೆ. ಕೊನೆಗೆ ಬೆಕ್ಕಿಗೆ ಹಾಕ್ತಾ ಇದ್ದಿದ್ದು ಗುಬ್ಬಿ. ಅವರ ಮುಖ ನೋಡೋಕೆ ನನಗೆ ಇವತ್ತಿಗೂ ಆಗಲ್ಲ."

ಅದು ನಿಜವೇ ಆಗಿದ್ದರಿಂದ ಕಂಡಕ್ಟರಮ್ಮ ವಾದ ಬಿಟ್ಟಳು. ಆದರೆ ಮರುದಿನದಿಂದ ಬೆಳಗ್ಗೆ ತಾನೂ ಕಾರು ಹತ್ತತೊಡಗಿದಳು. ಗಾಳಿ ಬೇಕು ಎಂದು ಒಂದು ದಿನ, ಸುಮ್ಮನೆ ಎಂದು ಇನ್ನೊಂದು ದಿನ, ಆಮೇಲೆ ನೆಪ ಹೇಳುವುದನ್ನೂ ಬಿಟ್ಟಳು. ಕೂತೊಡನೆ ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟರೆ ಶಾಲೆಯ ಗೇಟಿನವರೆಗೂ ತೆಗೆಯುತ್ತಿರಲಿಲ್ಲ. ಅಳಿಯ ಆ ಕೈ ನೋಡಿದ. ಏನೂ ಅನ್ನಲಿಲ್ಲ. ಅವಳ ಗುಮಾನಿ ಬಲವಾದದ್ದೇ ಇದರಿಂದ. ತಪ್ಪಿಲ್ಲದ ಗಂಡಸು ತನ್ನ ಗಾಡಿಯಲ್ಲಿ ಅತ್ತೆ ಹೀಗೆ ಕೂತರೆ ಒಂದು ದಿನವಾದರೂ ಮುಖ ಸಿಂಡರಿಸಬೇಕು. ಇವನು ಅವಳ ಕೈಗೆ ಅಡ್ಡ ಬರದ ಹಾಗೆ ಮೊಣಕೈಯನ್ನು ಒಳಗೆಳೆದುಕೊಂಡು ಗಾಡಿ ಓಡಿಸುತ್ತಿದ್ದ.

ಮುಖ ಸಿಂಡರಿಸಿದವಳು ಮಗಳು. ಗುಬ್ಬಿ ಊಟಕ್ಕೆ ಕೂತಾಗ, ಅಜ್ಜಿಯೂ ಅಪ್ಪನೂ ಸೇರಿ ಕಾರು ಓಡಿಸುತ್ತಾರೆ ಎಂದುಬಿಟ್ಟಿದ್ದಳು. ನನ್ನ ಗಂಡನನ್ನು ಇಷ್ಟು ಅವಮಾನ ಮಾಡಿದ್ದು ಸಾಕು, ಮುಂದಿನ ಸೋಮವಾರದಿಂದ ನೀನು ಆ ಕಾರು ಹತ್ತಬೇಡ ಎಂದು ಮಗಳು ಕಡ್ಡಿ ಮುರಿದ ಹಾಗೆ ಹೇಳಿದಳು. ಸೋಮವಾರದಿಂದ ಆ ಕಾರಿನಲ್ಲಿ ಇರುವವರು ಇಬ್ಬರೇ, ಗುಬ್ಬಿ ಮತ್ತು ಅಪ್ಪ. ಹ್ಯಾಂಡ್‌ಬ್ರೇಕಿನ ಮೇಲೆ ಯಾರ ಕೈಯೂ ಇರುವುದಿಲ್ಲ.

ಅದಕ್ಕೆ ಮುಂಚೆ ವಿಷಯದ ಬುಡ ಹುಡುಕಲೇಬೇಕಿತ್ತು. ಅಳಿಯನ ಕೆಲಸ ಊರಾಚೆಯ ಒಂದು ಮೈದಾನದಲ್ಲಿ. ಹೊಸ ಕಾರುಗಳನ್ನು ಅಲ್ಲಿ ಓಡಿಸಿ ನೋಡಿ ದರ್ಜೆ ಕೊಡುತ್ತಾರೆ ಎಂಬುದಷ್ಟೇ ಮನೆಯವರಿಗೆ ಗೊತ್ತಿದ್ದದ್ದು. ಕೆಲಸದ ಮಾತನ್ನು ಅವನು ಮನೆಗೆ ತರುವವನಲ್ಲ. ತರದಿರುವುದಕ್ಕೂ ಏನೋ ಕಾರಣವಿರಬೇಕು ಎಂದು ಈಗ ಅವಳಿಗೆ ಅನ್ನಿಸತೊಡಗಿತ್ತು. ಶುಕ್ರವಾರ ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ಅವನ ಚೀಲದಿಂದ ಊಟದ ಡಬ್ಬಿ ತೆಗೆದು, ಅಕ್ಕಿ ಡಬ್ಬದ ಹಿಂದಿಟ್ಟಳು. ಎಂದಿನಂತೆ ಶಾಲೆಯ ಗೇಟಿನವರೆಗೆ ಜೊತೆಗೆ ಹೋಗಿ, ಮನೆಗೆ ಮರಳಿ, ಅದನ್ನೇ ಕೈಯಲ್ಲಿ ಹಿಡಿದು, ಪಾಪ, ಮರೆತು ಹೋಗಿದ್ದಾನೆ ಎಂದು ಗೋಡೆಗಳಿಗೆ ಕೇಳುವಂತೆ ಹೇಳಿ, ಬಸ್ಸು ಹತ್ತಿದಳು.

ಗೇಟಿನ ಕಾವಲುಗಾರ ಡಬ್ಬಿ ಕೊಟ್ಟು ಹೋಗಿ ಎಂದ. ಅಳಿಯನ ಕೈಗೇ ಕೊಡಬೇಕು, ಪಥ್ಯದ ಊಟ ಎಂದು ಅವಳು ಕಲ್ಲಿನ ಹಾಗೆ ನಿಂತಳು. ಕೊನೆಗೆ ದಪ್ಪ ಕನ್ನಡಕದ ಎಂಜಿನಿಯರು ಬಂದಳು, ಮಗಳಿಗಿಂತ ಚಿಕ್ಕ ಪ್ರಾಯದವಳು. ಬಂದವಳು ಅವನ ಅತ್ತೆ ಎಂದು ಗೊತ್ತಾದೊಡನೆ ಅವಳ ಮುಖ ಅರಳಿತು. ಕಾರಿನ ಪರೀಕ್ಷೆಯ ಓಟ ನಡೆಯುತ್ತಿದೆ, ಮುಗಿಯುವವರೆಗೆ ಮೇಲೆ ಕೂತು ನೋಡಿ ಎಂದು ತಗಡಿನ ಮಾಡಿನ ಕೋಣೆಗೆ ಕರೆದೊಯ್ದಳು. ಒಂದು ಗೋಡೆ ಪೂರ್ತಿ ಗಾಜು. ಮೇಜಿನ ಮೇಲೆ ಟೀವಿಯಂಥ ಪರದೆಗಳು, ತಣ್ಣಗಾದ ಚಹಾ, ಅರ್ಧ ಬಿಸ್ಕತ್ತು.

ಗಾಜಿನಾಚೆ ಕಪ್ಪು ಟಾರಿನ ರಸ್ತೆ ನೆಟ್ಟಗೆ ಮಲಗಿತ್ತು. ಪಕ್ಕದಲ್ಲಿ ಎರಡು ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವುಗಳ ಸಂದಿಯಲ್ಲಿ ಒಂದು ಮಗು ನಿಂತಿತ್ತು. ಕಂಡಕ್ಟರಮ್ಮ ಗಾಜನ್ನು ಬಡಿಯಲು ಕೈಯೆತ್ತಿದಳು. ಬೊಂಬೆ ಅಮ್ಮ ಎಂದು ನಕ್ಕಳು ಎಂಜಿನಿಯರು. ಚಪ್ಪಟೆ ಹಲಗೆಯ ಮೇಲೆ ನಿಲ್ಲಿಸಿದ ಸ್ಪಂಜಿನ ಬೊಂಬೆ. ಹಲಗೆಗೆ ಕಟ್ಟಿದ ಪಟ್ಟಿ ಎಳೆದರೆ ರಸ್ತೆಗೆ ಓಡುತ್ತದೆ, ಓಡುವಾಗ ಕಾಲು ಕೂಡ ಆಡಿಸುತ್ತದೆ. ನೀಲಿ ಅಂಗಿ, ಕಂದು ಚಡ್ಡಿ ತೊಡಿಸಿದ್ದರು.

ದೂರದಿಂದ ಬಿಳಿ ಕಾರು ಬಂತು, ಒಳಗೆ ಅಳಿಯ. ಬೊಂಬೆ ಸಂದಿಯಿಂದ ಹೊರಗೆ ಓಡಿತು. ಕಾರಿನ ಮೂಗು ತಟ್ಟನೆ ನೆಲಕ್ಕೆ ಬಾಗಿತು, ಗಾಲಿಗಳು ಬಿಗಿದವು, ಬೊಂಬೆಯ ಚಡ್ಡಿಗೆ ಬಂಪರು ಸೋಕುವ ಮುಂಚೆ ಎಲ್ಲ ನಿಂತಿತು. ಇಲ್ಲಿ ಬ್ರೇಕು ಹಾಕುತ್ತಾನಲ್ಲ, ಹಾಗಾದರೆ ಅಲ್ಲಿ ಯಾಕೆ ಹಾಕಲಿಲ್ಲ ಎಂದುಕೊಂಡಳು ಕಂಡಕ್ಟರಮ್ಮ. ಅವಳ ಗುಮಾನಿ ಇನ್ನೂ ಕೆಟ್ಟ ದಿಕ್ಕಿಗೆ ಹೊರಳುತ್ತಿತ್ತು.

ಎಂಜಿನಿಯರಿಗೆ ಕೇಳುವವರು ಸಿಕ್ಕಿದ್ದೇ ಖುಷಿ. ಬ್ರೇಕು ಹಾಕಿದ್ದು ನಿಮ್ಮ ಅಳಿಯ ಅಲ್ಲ, ಕಾರು ಎಂದಳು. ಅದಕ್ಕೊಂದು ಕ್ಯಾಮೆರಾ, ಮೂಗಿನಲ್ಲಿ ಒಂದು ರೇಡಾರು. ಎದುರಿಗೆ ಯಾರಾದರೂ ಬಂದರೆ ಮೊದಲು ಬೀಪ್ ಎಂದು ಡ್ರೈವರನ್ನು ಎಚ್ಚರಿಸುತ್ತದೆ, ಅವನು ಏನೂ ಮಾಡದಿದ್ದರೆ ತಾನೇ ಬ್ರೇಕು ತುಳಿಯುತ್ತದೆ. ಯಾವ ಕಾರು ಎಷ್ಟು ವೇಗದಲ್ಲಿ ಎಷ್ಟು ಬೇಗ ನಿಂತಿತು, ಪೂರ್ತಿ ನಿಲ್ಲದಿದ್ದರೂ ಗುದ್ದುವ ಮುಂಚೆ ವೇಗ ಎಷ್ಟು ಇಳಿಯಿತು, ಇದನ್ನೆಲ್ಲ ಅಳೆದು ಉತ್ತಮ, ಸಾಧಾರಣ, ಕಳಪೆ ಎಂದು ದರ್ಜೆ. ಜನ ಕಾರು ಕೊಳ್ಳುವಾಗ ಈಗ ಅದನ್ನೂ ನೋಡುತ್ತಾರೆ. ಮನುಷ್ಯ ಅಂದಮೇಲೆ ಆಕಳಿಸುತ್ತಾನೆ, ಹೆಂಡತಿ ಜೊತೆ ಜಗಳವಾಡುತ್ತಾನೆ, ಫೋನು ನೋಡುತ್ತಾನೆ. ಕಾರು ಅದ್ಯಾವುದನ್ನೂ ಮಾಡುವುದಿಲ್ಲ.

"ಬಿಸಿಲು ಮುಖಕ್ಕೆ ಹೊಡೀತಾ ಇದ್ರೆ?" ಎಂದಳು ಕಂಡಕ್ಟರಮ್ಮ.

ಎಂಜಿನಿಯರು ಕನ್ನಡಕ ಮೇಲೇರಿಸಿದಳು. ಆಗ ಕೆಲವು ಕಾರುಗಳು ತಡ ಮಾಡುತ್ತವೆ, ಕತ್ತಲಲ್ಲೂ ಅಷ್ಟೆ, ಅದಕ್ಕೇ ಇಷ್ಟು ಸಲ ಓಡಿಸುವುದು ಎಂದಳು. ಆಮೇಲೆ, ಬನ್ನಿ, ನಿಮಗೊಂದು ತೋರಿಸುತ್ತೇನೆ ಎಂದು ಪರದೆಯೊಂದನ್ನು ತಿರುಗಿಸಿದಳು. ಅದರಲ್ಲಿ ಕಾರಿನ ಒಳಗಿನ ನೆಲ ಕಾಣುತ್ತಿತ್ತು. ಎರಡು ಪೆಡಲು, ಎರಡು ಬೂಟು. ಬೂಟು ಗುರುತಿನದು. ಹೋದ ಚಳಿಗಾಲ ಮಗಳು ಕೊಡಿಸಿದ್ದು.

ಬೇರೆ ಡ್ರೈವರುಗಳದ್ದು ಇದೇ ತಾಪತ್ರಯ ಎಂದಳು ಎಂಜಿನಿಯರು. ಬೊಂಬೆ ಎಂದು ಗೊತ್ತಿದ್ದರೂ ಎದುರಿಗೆ ಬಂದೊಡನೆ ಕಾಲು ಬ್ರೇಕಿನ ಕಡೆ ಹಾರುತ್ತದೆ. ಕಾಲು ಬ್ರೇಕಿಗೆ ತಗುಲಿದರೆ ನಿಲ್ಲಿಸಿದ್ದು ಕಾರೋ ಮನುಷ್ಯನೋ ಹೇಳಲಾಗುವುದಿಲ್ಲ, ಆ ಓಟವನ್ನೇ ಕಸಕ್ಕೆ ಹಾಕಬೇಕು. ಬೊಂಬೆ ಕಂಡೊಡನೆ ಕಾಲು ಆಕ್ಸಿಲರೇಟರಿನಿಂದ ಎದ್ದು ನೆಲಕ್ಕೆ ಹೋಗಬೇಕು, ನೆಲದಲ್ಲೇ ಇರಬೇಕು, ಏನೇ ಆದರೂ.

"ನಿಮ್ಮ ಅಳಿಯಂದು ಒಂದು ಓಟವೂ ಕಸಕ್ಕೆ ಹೋಗಿಲ್ಲಮ್ಮ. ನಾವೆಲ್ಲ ಅವರನ್ನ ಕಲ್ಲುಕಾಲು ಅಂತೀವಿ."

ಅಷ್ಟರಲ್ಲಿ ಗಾಜಿನಾಚೆ ಮುಂದಿನ ಕಾರು ಹೊರಟಿತ್ತು, ಕೆಂಪು ಬಣ್ಣದ್ದು. ಕಂಡಕ್ಟರಮ್ಮ ಪರದೆಯ ಮೇಲಿನ ಬೂಟನ್ನೇ ನೋಡುತ್ತಿದ್ದಳು. ಬೀಪ್ ಕೇಳಲಿಲ್ಲ. ಬೂಟು ಆಕ್ಸಿಲರೇಟರಿನಿಂದ ಎದ್ದಿತು, ನೆಲಕ್ಕಿಳಿಯಿತು, ಹಿಮ್ಮಡಿ ಊರಿ ಸುಮ್ಮನೆ ಕೂತಿತು. ಬ್ರೇಕಿನ ಪೆಡಲು ಪಕ್ಕದಲ್ಲೇ ಇತ್ತು. ಆಚೆ ಧಬ್ ಎಂದು ಸದ್ದಾಯಿತು. ಬೂಟು ಹಾಗೇ ಇತ್ತು. ಹೆಬ್ಬೆರಳು ಕೂಡ ಅಲುಗಿದಂತೆ ಕಾಣಲಿಲ್ಲ.

ಅವಳು ತಲೆಯೆತ್ತಿ ನೋಡಿದಾಗ ನೀಲಿ ಅಂಗಿ ಒಂದು ಕಡೆ, ಕಾಲೊಂದು ಇನ್ನೊಂದು ಕಡೆ ಬಿದ್ದಿತ್ತು. ಅಳಿಯ ಕಾರು ನಿಲ್ಲಿಸಿ ಇಳಿದ. ಕಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೊಂಬೆಯನ್ನು ಎತ್ತಿ ನಿಲ್ಲಿಸಿ, ಕಾಲು ಜೋಡಿಸಿ, ಚಡ್ಡಿಯ ಧೂಳು ಕೊಡವಿದ.

ಇದು ಕಳಪೆ ಎಂದು ಎಂಜಿನಿಯರು ಬಿಸ್ಕತ್ತು ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನ ಅಳಿಯ ಗೇಟಿನ ಪಕ್ಕದ ಸಿಮೆಂಟಿನ ಬೆಂಚಿಗೆ ಬಂದ. ಕಂಡಕ್ಟರಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಸ್ವಲ್ಪ ದೂರದಲ್ಲಿ ಕೂತ.

"ಡಬ್ಬಿ ನಾನು ಮರೆತಿರಲಿಲ್ಲ ಅತ್ತೆ."

"ಗೊತ್ತು. ನಿಮ್ಮ ಬ್ರೇಕೂ ಕೆಟ್ಟಿರಲಿಲ್ಲ."

ಅವನು ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿದ, ತಿನ್ನಲಿಲ್ಲ. ಕೇಳದೆಯೇ ಹೇಳತೊಡಗಿದ. ಬಣ್ಣದವನನ್ನು ಅವನು ಚೆನ್ನಾಗಿಯೇ ನೋಡಿದ್ದ. ಮೀಸೆ ನೋಡಿದ್ದ, ಅಂಗಿಯ ಮೇಲಿನ ಹಸಿರು ಬಣ್ಣದ ಕಲೆ ನೋಡಿದ್ದ. ವ್ಯಾನುಗಳ ಸಂದಿಯಿಂದ ಅವನು ಹೊರಬಂದದ್ದೇ ಕಾಲು ತಾನಾಗಿ ಎದ್ದು ನೆಲಕ್ಕೆ ಹೋಗಿತ್ತು.

"ಆಮೇಲೆ?"

"ಆಮೇಲೆ ಬ್ರೇಕ್ ಬೀಳುತ್ತೆ ಅಂತ ಕಾಯ್ತಾ ಇದ್ದೆ."

"ಯಾರು ಹಾಕ್ತಾರೆ ಅಂತ?"

ಬೆಂಚಿನ ಎದುರಿಗೇ ಅವರ ಹಳೇ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಏಣಿಯ ಗೀರು. ಅದಕ್ಕೆ ಕ್ಯಾಮೆರಾ ಹಾಗಿರಲಿ, ಒಂದು ಕಡೆಯ ಕನ್ನಡಿಯೂ ಸರಿಯಿರಲಿಲ್ಲ.

ಕಂಡಕ್ಟರಮ್ಮನಿಗೆ ಕುಡಿತವಾಗಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಕುಡುಕನಿಗೆ ಬಾಟಲಿ ಕಸಿದುಕೊಳ್ಳಬಹುದು. ಇದನ್ನು ಎಲ್ಲಿಂದ ಕಸಿಯುವುದು? ಬೇರೆಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಆಫೀಸಿನಲ್ಲಿ ಹೇಳಿದರೆ ಗಾಡಿಯಿಂದ ಇಳಿಸುತ್ತಾರೆ, ಮನೆಯಲ್ಲಿ ಹೇಳಿದರೆ ಹೆಂಡತಿ ಮಗುವನ್ನು ಕೊಡುವುದಿಲ್ಲ ಎಂದ. ಬ್ರೇಕು ಕೆಟ್ಟಿತ್ತು ಎನ್ನುವುದೇ ಎಲ್ಲರಿಗೂ ಸಲೀಸು. ತಾನು ಹುಷಾರಾಗಿದ್ದರೆ ಆಯಿತು ಎಂದುಕೊಂಡಿದ್ದನಂತೆ. ಮೇಲಾಗಿ ಹ್ಯಾಂಡ್‌ಬ್ರೇಕಿನ ಮೇಲೆ ಅವಳ ಕೈ ಇರುತ್ತಿತ್ತಲ್ಲ.

"ಅದಕ್ಕೇ ನೀವು ಸುಮ್ಮನಿದ್ದದ್ದು."

"ಹೂಂ. ನೀವು ಬರದೆ ಇದ್ದಿದ್ರೆ ನಾನೇ ಕರೀಬೇಕು ಅಂತಿದ್ದೆ. ಹೇಗೆ ಕರೆಯೋದು ಗೊತ್ತಾಗಲಿಲ್ಲ."

ಅವನು ಇನ್ನೊಂದು ಉಪಾಯವನ್ನೂ ಯೋಚಿಸಿಟ್ಟಿದ್ದ. ಬೆಳಗ್ಗೆ ನಿಂತಿತಲ್ಲ, ಆ ಬಿಳಿ ಕಾರು, ಉತ್ತಮ ದರ್ಜೆಯದು. ಅಂಥದ್ದೇ ಒಂದು ಕೊಂಡರೆ ಕಾಲಿನ ಚಿಂತೆಯೇ ಬೇಡ.

"ಅದು ಎಲ್ಲಾ ಸಲ ನಿಲ್ಲುತ್ತಾ?" ಎಂದಳು ಅವಳು.

ಬೇರೆ ಯಾರಾದರೂ ಆಗಿದ್ದರೆ ಹೌದು ಎನ್ನುತ್ತಿದ್ದರು. ಅವನಿಗೆ ಅನ್ನಲಾಗಲಿಲ್ಲ. ಬ್ರೇಕು ತುಳಿಯಲು ಗೊತ್ತಿರುವವನ ಕೈಗೆ ಸಿಕ್ಕರೆ ಅದು ಒಳ್ಳೇ ಕಾರು ಎಂದ ಕೊನೆಗೆ.

ಹೆಂಡತಿಗೆ ನೀವೇ ಹೇಳಬೇಕು, ನಾನು ಹೇಳಿದರೆ ಮಹಡಿಯವರ ಹಾಲಿನ ಕತೆ ಆಗುತ್ತದೆ ಎಂದು ಕಂಡಕ್ಟರಮ್ಮ ಎದ್ದಳು. ಹಿಂದಿರುಗುವಾಗ ಅವನ ಕಾರು ಹತ್ತಲಿಲ್ಲ, ಬಸ್ಸಿಗೆ ಕಾದಳು.

ಶನಿವಾರ ಸಂಜೆ ಅವನು ಹೇಳಿದ. ಕಂಡಕ್ಟರಮ್ಮ ಗುಬ್ಬಿಯನ್ನು ಕರೆದುಕೊಂಡು ಮಹಡಿಯವರ ಮನೆಗೆ ಹೋಗಿದ್ದಳು. ಹಿಂದಿರುಗಿದಾಗ ಮನೆಯಲ್ಲಿ ಸದ್ದಿರಲಿಲ್ಲ. ಕಾರಿನ ಕೀಲಿ ಯಾವಾಗಲೂ ತೂಗುವ ಮೊಳೆ ಖಾಲಿಯಿತ್ತು. ಅದು ಮಗಳ ಕೈಯಲ್ಲಿತ್ತು. ಅವಳು ಅದನ್ನು ಮುಷ್ಟಿಯಲ್ಲಿಟ್ಟುಕೊಂಡೇ ತಟ್ಟೆ ಹಾಕಿದಳು, ಬಡಿಸಿದಳು. ಗಂಡ ನೀರಿನ ಲೋಟಕ್ಕೆ ಕೈ ಚಾಚಿದರೂ ಅವಳ ಕಣ್ಣು ಆ ಕೈಯನ್ನು ಹಿಂಬಾಲಿಸುತ್ತಿತ್ತು. ತನ್ನ ಕಣ್ಣೇ ಮಗಳಿಗೆ ಬಂದುಬಿಟ್ಟಿದೆ ಎಂದು ಕಂಡಕ್ಟರಮ್ಮ ಗಮನಿಸಿದಳು. ತಾನು ಹೇಳಿದ್ದು ನಿಜವಾಯಿತಲ್ಲ ಎಂಬ ಹಿಗ್ಗು ಬರಬೇಕಿತ್ತು. ಬರಲಿಲ್ಲ.

ಭಾನುವಾರ ಬೆಳಗ್ಗೆ ಗುಬ್ಬಿಯನ್ನು ಮಹಡಿಯವರ ಹತ್ತಿರ ಬಿಟ್ಟು ಮೂವರೂ ಹೊರಟರು. ಕಾರು ಓಡಿಸಿದವಳು ಮಗಳು. ಹೋದದ್ದು ಹಳೇ ಡಿಪೋದ ಹಿಂದಿನ ಬಯಲಿಗೆ. ಗುಜರಿಗೆ ಹಾಕಬೇಕಾದ ಬಸ್ಸುಗಳನ್ನು ಅಲ್ಲಿ ಎರಡು ಸಾಲು ಮಾಡಿ ನಿಲ್ಲಿಸಿದ್ದರು, ಮಧ್ಯೆ ಉದ್ದನೆಯ ಓಣಿ. ಕಾವಲಿನವನು ಕಂಡಕ್ಟರಮ್ಮನ ಕಾಲದ ಮನುಷ್ಯ. ಏನಕ್ಕ, ಈ ವಯಸ್ಸಲ್ಲಿ ಡ್ರೈವಿಂಗ್ ಕಲೀತೀಯಾ ಎಂದು ಕಿಚಾಯಿಸಿ ಗೇಟು ತೆಗೆದ.

ಕಾಲಿಗೆ ಮತ್ತೆ ಬ್ರೇಕು ಕಲಿಸುವ ಈ ಉಪಾಯ ಕಂಡಕ್ಟರಮ್ಮನದೇ. ಬೊಂಬೆ ಇಟ್ಟರೆ ಕಾಲು ಬೊಂಬೆಯನ್ನೇ ಕಾಣುತ್ತದೆ. ಮನುಷ್ಯರೇ ಬರಬೇಕು, ಯಾವ ಸಂದಿಯಿಂದ ಬರುತ್ತಾರೆಂದು ಅವನಿಗೆ ಗೊತ್ತಿರಬಾರದು. ಅಳಿಯ ಇದಕ್ಕೆ ಸುತರಾಂ ಒಪ್ಪಿರಲಿಲ್ಲ. ನಿಮಗೇನಾದರೂ ಆದರೆ ಎಂದು ಗೋಗರೆದಿದ್ದ. ನಾನು ಸಿದ್ಧಳಾಗಿ ಬರುತ್ತೇನೆ, ಬಣ್ಣದವನು ಹಾಗೆ ಬಂದಿರಲಿಲ್ಲ ಎಂದಿದ್ದಳು ಅವಳು. ಕಾರಿಗೆ ಮನುಷ್ಯ ಓಡುವಷ್ಟು ವೇಗ ಸಾಕು, ಜಾಸ್ತಿ ಬೇಡ ಎಂದೂ ಒಪ್ಪಂದವಾಗಿತ್ತು. ಮಗಳು ಪಕ್ಕದ ಸೀಟಿಗೆ ಸರಿದು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟಳು. ಅದನ್ನು ಕಂಡಕ್ಟರಮ್ಮ ಕಿಟಕಿಯಿಂದ ನೋಡಿ ತಲೆಯಾಡಿಸಿದಳು.

"ಕೈ ತೆಗಿ."

"ಅಮ್ಮಾ."

"ತೆಗಿ ಅಂದೆ. ನಿನ್ನ ಕೈ ಇರೋದು ಅವನ ಕಾಲಿಗೆ ಗೊತ್ತಾಗುತ್ತೆ."

ಮಗಳು ಕೈ ತೆಗೆದು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು.

ಕಂಡಕ್ಟರಮ್ಮ ಬಸ್ಸುಗಳ ಹಿಂದೆ ಮರೆಯಾದಳು. ತುಕ್ಕು ಹಿಡಿದ ತಗಡು, ಟೈರಿಲ್ಲದ ಗಾಲಿಗಳು, ಸೀಟಿನಿಂದ ಹೊರಬಂದ ನಾರು. ಒಂದು ಬಸ್ಸಿನ ಮುಂಭಾಗಕ್ಕೆ ಬೆನ್ನು ಕೊಟ್ಟು ನಿಂತಳು. ಕಾರು ಆ ತುದಿಯಿಂದ ಹೊರಟದ್ದು ಕೇಳಿಸಿತು. ಮೊದಲ ಸಲ ಅವನನ್ನು ಹೋಗಗೊಟ್ಟಳು. ಎರಡನೇ ಸಲವೂ ಬಿಟ್ಟಳು. ಮೂರನೇ ಸಲ ಎಂಜಿನ್ನಿನ ಸದ್ದು ಪಕ್ಕಕ್ಕೆ ಬರುವ ಮುಂಚೆ ಓಣಿಗೆ ಕಾಲಿಟ್ಟಳು.

ಅಳಿಯನ ಮುಖ ಕಂಡಿತು. ಎಂಜಿನ್ನಿನ ಸದ್ದು ಇಳಿಯಿತು. ಔಷಧಿ ಅಂಗಡಿಯ ಎದುರು ಕೇಳಿದ ಅದೇ ಸದ್ದು. ಅವನು ಅವಳ ಮುಖ ನೋಡುತ್ತಿದ್ದ. ಬಣ್ಣದವನು ಹೇಳಿದ್ದು ಏನೆಂದು ಅವಳಿಗೆ ಈಗ ಮೈಯೆಲ್ಲ ಅರ್ಥವಾಯಿತು. ಅವನ ಕಣ್ಣಲ್ಲಿ ಹಗೆಯಿರಲಿಲ್ಲ, ಗಾಬರಿಯಿರಲಿಲ್ಲ. ತನ್ನನ್ನು ಒಂದು ವಸ್ತುವಿನ ಹಾಗೆ, ಚಡ್ಡಿಯ ಧೂಳು ಕೊಡವಬೇಕಾದ ವಸ್ತುವಿನ ಹಾಗೆ ನೋಡುತ್ತಿದ್ದಾನೆ. ಕಾರು ಉರುಳುತ್ತ ಬಂತು. ಅವಳು ಪಕ್ಕಕ್ಕೆ ಸರಿಯಲು ಕಾಲೆತ್ತಿದಳು. ಮಗಳು ಏನೋ ಕೂಗಿದಳು. ಆಗ ಗಾಲಿ ಬಿಗಿಯಿತು, ಮಣ್ಣು ಎದ್ದಿತು, ಬಾನೆಟ್ಟು ಮುಗ್ಗರಿಸಿ ನಿಂತಿತು. ಬಂಪರು ಅವಳ ಮೊಣಕಾಲಿಗೆ ತಗುಲಿತ್ತು, ನೂಕಿರಲಿಲ್ಲ.

ಕಂಡಕ್ಟರಮ್ಮ ಮೊಣಕಾಲು ಉಜ್ಜಿಕೊಂಡು ಡ್ರೈವರಿನ ಬಾಗಿಲು ತೆಗೆದಳು. ಅಳಿಯನ ಕಡೆ ನೋಡಲಿಲ್ಲ, ಬಗ್ಗಿ ಕೆಳಗೆ ನೋಡಿದಳು. ಆಮೇಲೆ ಹ್ಯಾಂಡ್‌ಬ್ರೇಕು ನೋಡಿದಳು. ಅದು ಕೆಳಗೇ ಇತ್ತು. ಮಗಳ ಕೈ ಇನ್ನೂ ತೊಡೆಯಡಿಯಲ್ಲೇ ಇತ್ತು. ಬೂಟು ಬ್ರೇಕಿನ ಮೇಲಿತ್ತು. ಪೆಡಲು ನೆಲಕ್ಕೆ ಹತ್ತುವ ಹಾಗೆ ತುಳಿದಿದ್ದ, ಮೊಣಕಾಲಿನವರೆಗೆ ಕಾಲು ಗಡಗಡ ನಡುಗುತ್ತಿತ್ತು.

"ಹಾಕಿದೆ ಅತ್ತೆ," ಎಂದ ಅವನು. "ನಾನೇ ಹಾಕಿದೆ."

"ಹಾಕಿದ್ರಿ. ತಡವಾಗಿ ಹಾಕಿದ್ರಿ. ನಿಮ್ಮ ಎಂಜಿನಿಯರಮ್ಮ ಇದಕ್ಕೆ ಏನಂತಾಳೆ?"

ಕಳಪೆ ಎಂದ ಅವನು.

"ಒಂದು ಸಲ ನಿಂತರೆ ನೀವು ಕಾರಿಗೆ ಉತ್ತಮ ಅಂತ ಕೊಡ್ತೀರಾ?"

"ಇಲ್ಲ."

"ಗುಬ್ಬಿ ನಾಳೆಯಿಂದ ನನ್ನ ಜೊತೆ ಬಸ್ಸಲ್ಲಿ ಬರ್ತಾಳೆ. ಎಷ್ಟು ದಿನ ಅಂತ ನನ್ನ ಕೇಳಬೇಡ, ನಿನ್ನ ಕಾಲನ್ನ ಕೇಳು."

ಅವಳು ಅಳಿಯನನ್ನು ನೀನು ಎಂದದ್ದು ಅದೇ ಮೊದಲು. ಬಸ್ಸಿನಲ್ಲಿ ಡ್ರೈವರುಗಳನ್ನೆಲ್ಲ ಹಾಗೇ ಅನ್ನುತ್ತಿದ್ದಳು. ಅವನು ಅದನ್ನು ಗಮನಿಸಿದನೋ ಇಲ್ಲವೋ, ತಲೆಯಾಡಿಸಿದ. ನಾಳೆ ಆಫೀಸಿಗೆ ಹೋಗಿ ತನ್ನನ್ನು ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳುತ್ತೇನೆ ಎಂದ. ಮಗಳು ಅವನ ಮುಖ ನೋಡಿದಳು, ನಿಜ ಹೇಳುತ್ತಿದ್ದಾನೋ ಇಲ್ಲವೋ ಎಂದು ತೂಗುವ ಹಾಗೆ. ನಂಬಿದಂತೆ ಕಾಣಲಿಲ್ಲ.

"ಕೇಳು," ಎಂದಳು ಕಂಡಕ್ಟರಮ್ಮ. "ಈಗ ಹಿಂದಕ್ಕೆ ತಗೊ."

ಬಾಗಿಲು ಹಾಕಿ, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದಳು. ಕಾರು ಹಿಂದಕ್ಕೆ ಹೋಯಿತು. ಅವಳು ಕುಂಟುತ್ತ ಬಸ್ಸುಗಳ ಹಿಂದೆ ನಡೆದಳು. ಈ ಸಲ ಇನ್ನೊಂದು ಸಾಲಿನಿಂದ ಬರಬೇಕು. ಅವನು ಹಾಗೆಂದುಕೊಂಡಿದ್ದರೆ ಇದೇ ಸಾಲಿನಿಂದ.